ಮುಚ್ಚದ ಪಟ್ಟಿ ಮತ್ತು ಖಾದರನ ಕುದುರೆ

ಹೊಳೆಆಲೂರಿನ ಶ್ರೀಧರ ಮಾಸ್ತರರು ತಮ್ಮ ನಿವೃತ್ತಿ ಸಮಾರಂಭಕ್ಕೆ ಕೇಳಿದ್ದು ಒಂದು ಶಾಮಿಯಾನಾ, ನೂರು ಕುರ್ಚಿ. ಬಂದದ್ದು ಒಂದು ಶಾಮಿಯಾನಾ, ನೂರು ಕುರ್ಚಿ ಮತ್ತು ಒಂದು ಬಿಳಿ ಕುದುರೆ.

ಈ ಸುದ್ದಿ ಶಬಾನಾಗೆ ಗೊತ್ತಾದದ್ದು ಮರುದಿನ, ರೋಣದ ಅಂಗಡಿಯಲ್ಲಿ, ಅವಳ ಮಾಮು ದಾದಾಪೀರನ ಬಾಯಿಂದ. ದಾದಾಪೀರ ಶಬಾನಾಳ ತಾಯಿಯ ತಮ್ಮ. ಮದುವೆ, ಮುಂಜಿವೆ, ಕುಬಸ, ಉರುಸು, ಏನೇ ಇರಲಿ, ಸುತ್ತಲಿನ ಹತ್ತಿಪ್ಪತ್ತು ಹಳ್ಳಿಗೆ ಶಾಮಿಯಾನಾದಿಂದ ಹಿಡಿದು ಸೌಟಿನವರೆಗೆ ಬಾಡಿಗೆಗೆ ಕೊಡುವವನು ಅವನೇ. ಶಬಾನಾ ಅದೇ ಅಂಗಡಿಯ ಮುಂದಿನ ಸಣ್ಣ ಖೋಲಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಅರ್ಜಿ ತುಂಬಿಕೊಡುವುದು, ಫೋಟೋ ತೆಗೆದು ಕೊಡುವುದು ಮಾಡುತ್ತಿದ್ದಳು. ಒಂದು ವರ್ಷ ತನ್ನಷ್ಟಕ್ಕೆ ತಾನೇ ಕುಳಿತು ವೆಬ್‌ಸೈಟ್ ಮಾಡುವುದನ್ನೂ ಕಲಿತಳು. ಕಲಿತ ಮೇಲೆ ಮೊದಲು ಮಾಡಿದ್ದೇ ಮಾಮುವಿನ ವೆಬ್‌ಸೈಟು. ಅದು ಶುರುವಾಗಿ ಆಗ ಮೂರೇ ವಾರ.

"ಮಾಸ್ತರ ಮೂವತ್ತಾರ ವರ್ಷ ಗಣಿತ ಕಲಿಸ್ಯಾರ. ಒಂದ ದಿನಾ ನಕ್ಕಿದ್ದಿಲ್ಲಂತ," ಎಂದು ದಾದಾಪೀರ ಚಹಾದ ಕಪ್ಪು ಕೆಳಗಿಟ್ಟು ಕೈ ಮೇಲೆತ್ತಿದ. "ನಮ್ಮ ಖಾದರನ ಕುದುರಿ ಏರಿಸಿ ಸ್ಟೇಶನ್ ತನಕಾ ಮೆರವಣಿಗಿ ಮಾಡ್ಯಾರ. ಮಾಸ್ತರ ಮೆರವಣಿಗಿ ಮುಗದ್ರೂ ಇಳೀಲಿಲ್ಲಂತ! ಇನ್ನೊಂದ ಸುತ್ತು ಅಂದ್ರಂತ!"

"ಕುದುರಿ ಅವರ ಕೇಳಿದ್ರೇನ ಮಾಮು?"

"ಕೇಳದ ನಾ ಹ್ಯಾಂಗ ಕಳಸ್ಲಿ? ನಿನ್ನ ವೆಬ್‌ಸೈಟಿನಾಗ ಬಂದಿತ್ತು. ನೋಡಿಲ್ಲಿ."

ಫೋನಿನಲ್ಲಿ ಬಂದ ಆರ್ಡರಿನಲ್ಲಿ ಸ್ಪಷ್ಟವಾಗಿತ್ತು: ಶಾಮಿಯಾನಾ, ಕುರ್ಚಿ, ಮದುಮಗನ ಕುದುರೆ.

ಕುದುರೆಯ ಮಾಲೀಕ ಖಾದರ ದಾದಾಪೀರನ ಬಾಲ್ಯದ ದೋಸ್ತ. ಟಾಂಗಾ ಹೊಡೆಯುವ ಕಾಲ ಮುಗಿದ ಮೇಲೆ ಉಳಿದಿದ್ದ ಒಂದು ಕುದುರೆಗೆ ಮಖಮಲ್ ಎಂದು ಹೆಸರಿಟ್ಟು, ಕೊರಳಿಗೆ ಜರಿಯ ಪಟ್ಟಿ ಕಟ್ಟಿ, ಮದುಮಗನನ್ನು ಮೆರೆಸುವುದಕ್ಕೆ ತಯಾರು ಮಾಡಿದ್ದ. ಕರೆಯುವವರು ಮಾತ್ರ ವರ್ಷಕ್ಕೆ ಮೂವರೋ ನಾಲ್ವರೋ. ದೋಸ್ತಿಗಾಗಿ ದಾದಾಪೀರ ವೆಬ್‌ಸೈಟಿನ ಸಾಮಾನಿನ ಪಟ್ಟಿಯ ಕೊಟ್ಟಕೊನೆಗೆ ಕುದುರೆಯನ್ನೂ ಸೇರಿಸಲು ಹೇಳಿದ್ದ. ಶಬಾನಾ ಸೇರಿಸಿದ್ದಳು, ಪಕ್ಕದಲ್ಲಿ ಓಡುವ ಕುದುರೆಯ ಸಣ್ಣ ಚಿತ್ರವನ್ನೂ ಹಾಕಿದ್ದಳು.

ಈಗ ನೋಡಿದರೆ ಮೂರು ವಾರದಲ್ಲಿ ಹನ್ನೊಂದು ಆರ್ಡರು, ಅದರಲ್ಲಿ ಒಂಬತ್ತಕ್ಕೆ ಕುದುರೆ. ಖಾದರ ಮೀಸೆಗೆ ಬಣ್ಣ ಹಚ್ಚಿಕೊಂಡು ಓಡಾಡತೊಡಗಿದ.

"ಜಮಾನಾ ಬದಲಾತು ದಾದಾಭಾಯ್," ಎಂದು ಅವನು ಅಂಗಡಿಯ ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತು ಹೇಳಿದ. "ಮಂದಿಗೆ ಮತ್ತ ಕುದುರಿ ಬೇಕಾಗೇತಿ."

ಆದರೆ ಅದೇ ವಾರ ಜಕ್ಕಲಿಯಿಂದ ದ್ಯಾಮಪ್ಪ ಎನ್ನುವವರು ಫೋನ್ ಮಾಡಿದರು. ಮೊಮ್ಮಗಳಿಗೆ ಹೆಸರಿಡುವ ಕಾರ್ಯಕ್ರಮಕ್ಕೆ ಅವರಿಗೆ ಬೇಕಾಗಿದ್ದದ್ದು ನಾಲ್ಕು ಜಮಖಾನೆ, ಒಂದು ಮೈಕು. ಜಮಖಾನೆಯ ಹಿಂದೆಯೇ ಗಾಡಿಯಿಂದ ಮಖಮಲ್ ಇಳಿದು ಬಂದು, ತೊಟ್ಟಿಲಿಗೆ ಕಟ್ಟಿದ ಚೆಂಡುಹೂವಿನ ಮಾಲೆಯನ್ನು ಒಂದು ತುದಿಯಿಂದ ಶುರುಮಾಡಿ ಇನ್ನೊಂದು ತುದಿಯವರೆಗೆ ತಿಂದು ಮುಗಿಸಿತ್ತು.

"ಕೂಸಿಗೆ ಹೆಸರಿಡೂ ಕಾರ್ಯಕ್ರಮರಿ ಇದು," ಎಂದು ದ್ಯಾಮಪ್ಪ ಕೂಗಿದ್ದು ಶಬಾನಾಳ ಖೋಲಿಗೂ ಕೇಳಿಸಿತು. "ಹನ್ನೆರಡ ದಿನದ ಕೂಸು ಕುದುರಿ ಏರತೈತೇನ್ರಿ?"

"ಮುಂದ ಏರತೈತಿ ಬಿಡ್ರಿ," ಎಂದ ದಾದಾಪೀರ ಸಮಾಧಾನವಾಗಿ. "ಈಗಿಂದ ರೂಢಿ ಆಗ್ಲಿ."

ಮಾಮು ನಗುತ್ತಿದ್ದರೂ ಶಬಾನಾಗೆ ಸಮಾಧಾನವಾಗಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತು ವೆಬ್‌ಸೈಟನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಿದಳು. 'ಸಾಮಾನು' ಎಂಬ ಹೆಸರಿನ ಮೇಲೆ ಮೌಸಿನ ಬಾಣ ಒಯ್ದರೆ ಪಟ್ಟಿ ಪರದೆಯ ಹಾಗೆ ಕೆಳಗೆ ಬಿಚ್ಚಿಕೊಳ್ಳುತ್ತಿತ್ತು. ಬಾಣ ಸರಿಸಿದರೆ ತಾನೇ ಮಡಚಿಕೊಳ್ಳುತ್ತಿತ್ತು. ಮೊಬೈಲಿನಲ್ಲಿ ಹೇಗೆ ಕಾಣುತ್ತದೆ ಎಂದು ಕಂಪ್ಯೂಟರಿನ ಕಿಟಕಿಯನ್ನೇ ಅಂಗೈ ಅಗಲಕ್ಕೆ ಸಣ್ಣದು ಮಾಡಿ ನೋಡಿದಳು. ಅಲ್ಲೂ ಅಷ್ಟೇ ಚಂದ. ತಪ್ಪೆಲ್ಲಿದೆ? ಮಂದಿಗೆ ನಿಜವಾಗಿಯೂ ಕುದುರೆಯ ಹುಚ್ಚು ಹಿಡಿದಿರಬಹುದೇ ಎಂದು ಅವಳಿಗೂ ಅನಿಸತೊಡಗಿತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಅವಳ ಫೋನು ರಿಂಗಾಯಿತು.

"ಶಬಾನಾ ಅಂದ್ರ ನೀನ ಏನು?" ವಯಸ್ಸಾದ, ಆದರೆ ಗಟ್ಟಿ ಹೆಣ್ಣು ದನಿ. "ನಾ ನರಗುಂದದಿಂದ ವೆಂಕೂಬಾಯಿ. ನಮ್ಮ ಭಜನಾ ಮಂಡಳಿ ಊಟಕ್ಕ ಎರಡು ಕೊಪ್ಪರಿಗಿ ಹೇಳಿದ್ದೆ. ಕೊಪ್ಪರಿಗಿ ಬಂದಾವ, ಛಲೋ ಅವ. ಆದ್ರ ನಮ್ಮ ಬಾಗಲದಾಗ ನಿಮ್ಮ ಕುದುರಿ ನಿಂತದ."

"ಕುದುರಿ ನಮ್ಮದಲ್ರಿ ಬಾಯಾರ, ಖಾದರ ಚಾಚಾಂದು."

"ಯಾರದರೆ ಇರ್ಲಿ. ಅದು ನಮ್ಮ ಕರಿಬೇವಿನ ಗಿಡಾ ಅರ್ಧಾ ಖಾಲಿ ಮಾಡೇದ."

"ಆದ್ರ ನೀವು ಕಳಿಸಿದ್ರಾಗ ಕುದುರಿ ಅಂತ ಬಂದೈತಲ್ರಿ."

"ಬಂದಿರಬಹುದು. ನಾ ಕೇಳಿಲ್ಲ. ಎಪ್ಪತ್ತೆರಡು ವರ್ಷದಾಗ ನಾ ಏನು ಬೇಕಂದೇನಿ, ಏನು ಬ್ಯಾಡಂದೇನಿ, ಎಲ್ಲಾ ನನಗ ನೆನಪದ. ಫೋನಿನಾಗ ಹೇಳಿದ್ರ ತಿಳ್ಯೂದಿಲ್ಲ. ನೀ ಬಾ, ಕಣ್ಣಿಲೆ ನೋಡು."

ಶಬಾನಾ ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ನರಗುಂದದ ಬಸ್ಸು ಹತ್ತಿದಳು.

ಗುಡ್ಡದ ಕೆಳಗಿನ ಓಣಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಕುದುರೆ ಎಲ್ಲಿದೆ ಎಂದು ಕೇಳಿದರೆ ಸಾಕಾಗಿತ್ತು. ಮಖಮಲ್ ಬಾಗಿಲಲ್ಲಿ ನಿಂತು ಭಜನಾ ಮಂಡಳಿಯ ಹೆಂಗಸರ ಕೈಯಿಂದ ಬೆಲ್ಲ ತಿನ್ನುತ್ತಿತ್ತು. ಖಾದರ ಕಟ್ಟೆಯ ಮೇಲೆ ಕುಳಿತು ಅವಲಕ್ಕಿ ತಿನ್ನುತ್ತಿದ್ದ. ವೆಂಕೂಬಾಯಿ ಸಣ್ಣ ಕಾಯದವರು. ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಮೊಮ್ಮಗಳು ಅನಘಾ ಕೊಡಿಸಿದ ದೊಡ್ಡ ಟ್ಯಾಬು.

"ಕೂಡು. ಮದಲ ನೀರು ಕುಡಿ. ಈಗ ನೋಡು," ಎಂದು ಅವರು ಬೆರಳಿನಿಂದ 'ಸಾಮಾನು' ಒತ್ತಿದರು. ಪಟ್ಟಿ ಸರ್ರನೆ ಬಿಚ್ಚಿಕೊಂಡಿತು. ಕೊಪ್ಪರಿಗೆ ಒತ್ತಿದರು, ಅದು ಸೇರಿ ಪಟ್ಟಿ ಮಡಚಿತು. "ಇಷ್ಟು ಛಲೋ ಆತು. ಆಮ್ಯಾಲೆ ಇನ್ನೇನರೆ ಬೇಕೇನು ನೋಡೋಣ ಅಂತ ಮತ್ತ ತಗದೆ. ಏನೂ ಬ್ಯಾಡಾಗಿತ್ತು. ಈಗ ಮುಚ್ಚಬೇಕಲ್ಲ? ಮುಚ್ಚು ನೋಡೋಣ."

ಶಬಾನಾ ಖಾಲಿ ಜಾಗದ ಮೇಲೆ ಒತ್ತಿದಳು. ಪಟ್ಟಿ ಅಲ್ಲಾಡಲಿಲ್ಲ. 'ಸಾಮಾನು' ಮೇಲೆಯೇ ಮತ್ತೆ ಒತ್ತಿದಳು. ಇಲ್ಲ. ಎರಡು ಸಲ, ಮೂರು ಸಲ, ಗಟ್ಟಿಯಾಗಿ, ಮೆಲ್ಲಗೆ. ಪಟ್ಟಿ ಗೋಡೆಗೆ ಹೊಡೆದ ಕ್ಯಾಲೆಂಡರಿನ ಹಾಗೆ ನೇತಾಡುತ್ತಲೇ ಇತ್ತು.

"ಈಗ 'ಕಳಿಸು' ಅನ್ನೂ ಗುಂಡಿ ಎಲ್ಲದ?" ವೆಂಕೂಬಾಯಿ ಕೇಳಿದರು.

ಕಳಿಸುವ ಗುಂಡಿ ಪಟ್ಟಿಯ ಅಡಿಗೆ ಸಿಕ್ಕಿತ್ತು. ಸರಿಯಾಗಿ ಅದರ ಮೇಲೆ ಕುಳಿತಿದ್ದದ್ದು ಪಟ್ಟಿಯ ಕೊನೆಯ ಸಾಲು, ಓಡುವ ಕುದುರೆ.

"ಇದನ್ನ ಒತ್ತಿದ್ರ ಮುಚ್ಚತದ," ಎಂದು ವೆಂಕೂಬಾಯಿ ಒತ್ತಿ ತೋರಿಸಿದರು. ಪಟ್ಟಿ ತಟ್ಟನೆ ಮುಚ್ಚಿತು. "ಓಡೂ ಚಿತ್ರಾ ಅದಲ್ಲ, ಪಟ್ಟಿ ಓಡಿ ಹೋಗ್ಲಿ ಅಂತ ಇಟ್ಟೀರಿ ಅಂತ ತಿಳಕೊಂಡೆ."

ಶಬಾನಾ ತಲೆಗೆ ಕೈ ಹಚ್ಚಿ ಕುಳಿತಳು. ಅಷ್ಟು ದಿನ ಅವಳು ಪರೀಕ್ಷೆ ಮಾಡಿದ್ದೆಲ್ಲ ಮೌಸಿನಿಂದ. ಮೌಸಿನ ಬಾಣ ಯಾವಾಗಲೂ ಪರದೆಯ ಮೇಲೆ ಎಲ್ಲೋ ಒಂದು ಕಡೆ ಇರುತ್ತದೆ. ಅದು ದೂರ ಸರಿಯಿತು ಎಂದರೆ ಪಟ್ಟಿಗೆ ತಿಳಿಯುತ್ತದೆ, ಮಡಚಿಕೊಳ್ಳುತ್ತದೆ. ಬೆರಳು ಹಾಗಲ್ಲ. ಮುಟ್ಟುತ್ತದೆ, ಎದ್ದು ಹೋಗುತ್ತದೆ. ಎದ್ದ ಬೆರಳು ಎತ್ತ ಹೋಯಿತೆಂದು ಪರದೆಗೆ ಗೊತ್ತೇ ಆಗುವುದಿಲ್ಲ. ಬೆರಳು ಇನ್ನೂ ಅಲ್ಲೇ ಇದೆ ಎಂದು ತಿಳಿದು ಪಟ್ಟಿ ತೆರೆದ ಬಾಯಿ ತೆರೆದಂತೆಯೇ ಕಾಯುತ್ತಿತ್ತು. ಬೇಸತ್ತ ಮಂದಿ ಕಳಿಸುವ ಗುಂಡಿ ಇದ್ದ ಜಾಗವನ್ನು ಒತ್ತುತ್ತಿದ್ದರು, ಕುದುರೆ ಸೇರುತ್ತಿತ್ತು. ಸೇರಿದ ಸಾಮಾನುಗಳನ್ನು ಅವಳು ಮೇಲೆಲ್ಲೋ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ತೋರಿಸಿದ್ದರಿಂದ ಯಾರೂ ನೋಡಿರಲಿಲ್ಲ.

"ತಪ್ಪು ನಂದ್ರಿ ಬಾಯಾರ," ಎಂದಳು. "ಯಾರೂ ಕುದುರಿ ಕೇಳಿಲ್ಲ. ಪಟ್ಟಿ ಮುಚ್ಚಾಕ ಹೋಗ್ಯಾರ, ಕುದುರಿ ಬಂದೈತಿ."

ಕಟ್ಟೆಯ ಮೇಲೆ ಅವಲಕ್ಕಿಯ ತಟ್ಟೆ ಹಿಡಿದಿದ್ದ ಖಾದರನ ಕೈ ನಿಂತಿತು. "ಒಂಬತ್ತ ಕಡೆ ಹೋಗಿ ಬಂದೇನಲ್ಲ ಬೇಟಿ," ಎಂದ ಮೆಲ್ಲಗೆ. "ಒಂಬತ್ತರಾಗ ಒಬ್ಬರೂ ಕರದಿದ್ದಿಲ್ಲೇನ?"

ಶಬಾನಾ ಎದ್ದು ಅವನ ಪಕ್ಕ ಬಂದಳು. "ಶ್ರೀಧರ ಮಾಸ್ತರ ಇಳೀಲೇ ಇಲ್ಲಂತಲ್ಲ ಚಾಚಾ," ಎಂದಳು. ಖಾದರ ತಲೆಯಾಡಿಸಿದ, ಆದರೆ ತಟ್ಟೆ ಕೆಳಗಿಟ್ಟ. ಕುದುರೆಯ ಹಗ್ಗ ಬಿಚ್ಚಿಕೊಂಡು, ಬಣ್ಣ ಹಚ್ಚಿದ ಮೀಸೆ ಇಳಿಬಿಟ್ಟುಕೊಂಡು ತನ್ನ ಗಾಡಿಯ ಕಡೆ ನಡೆದ. ಅವನ ಬೆನ್ನು ನೋಡಿ ಅವಳಿಗೆ ಅಳು ಬಂದಂತಾಯಿತು.

ಅಲ್ಲೇ ಪಡಸಾಲೆಯಲ್ಲಿ ಕುಳಿತು ಅವಳು ಸರಿಮಾಡಿದಳು. ಪಟ್ಟಿ ತೆರೆದಿದ್ದಾಗ ಪರದೆಯ ಮೇಲೆ ಎಲ್ಲಿಯೇ ಬೆರಳು ಬೀಳಲಿ, ಪಟ್ಟಿ ಮುಚ್ಚಿಬಿಡಬೇಕು. ವೆಂಕೂಬಾಯಿ ಟ್ಯಾಬಿನಲ್ಲಿ ಹತ್ತು ಸಲ ತೆರೆದರು, ಹತ್ತು ಸಲ ಮುಚ್ಚಿದರು. ಪ್ರತಿ ಸಲವೂ ಪಟ್ಟಿ ಹೇಳಿದ ಮಾತು ಕೇಳಿತು. ಹೆಂಗಸರೆಲ್ಲ ತಾಳ ಬಾರಿಸಿದರು. ಶಬಾನಾ ಹಗುರವಾಗಿ ಸಂಜೆಯ ಬಸ್ಸಿಗೆ ರೋಣಕ್ಕೆ ಬಂದಳು.

ಮುಚ್ಚುವುದನ್ನು ನೋಡಿದ ಸಂತೋಷದಲ್ಲಿ, ಪಟ್ಟಿಯಿಂದ ಏನನ್ನಾದರೂ ಆರಿಸಲು ಬರುತ್ತದೆಯೇ ಎಂದು ಯಾರೂ ನೋಡಿರಲಿಲ್ಲ.

ಆಮೇಲಿನ ಭಾನುವಾರ ದಾದಾಪೀರ ಇಸ್ತ್ರಿ ಮಾಡಿದ ಬಿಳಿ ಪೈಜಾಮ, ಜುಬ್ಬಾ ಹಾಕಿ, ಅತ್ತರು ಪೂಸಿಕೊಂಡು, ಕಾಗದದಲ್ಲಿ ಸುತ್ತಿದ ಗೋಡೆ ಗಡಿಯಾರವೊಂದನ್ನು ಬಗಲಲ್ಲಿ ಹಿಡಿದು ಅವಳ ಖೋಲಿಯ ಮುಂದೆ ನಿಂತ.

"ನಡಿ ಬೇಟಿ. ಗಜೇಂದ್ರಗಡದಾಗ ಸೀರಿ ನೇಯೂ ಅಯ್ಯಪ್ಪ ಅಂತ ಅದಾರ. ಅವರ ಮಗನ ಮದುವಿ. ನಮ್ಮನ್ನ ಕರದಾರ. ನಿನ್ನ ವೆಬ್‌ಸೈಟಿನಿಂದ ಆದ ಪರಿಚಯ, ನೀನೂ ಬಾ."

ಶಬಾನಾ ಹೊಸ ದುಪಟ್ಟಾ ಹೊದ್ದುಕೊಂಡು, ಲ್ಯಾಪ್‌ಟಾಪಿನ ಚೀಲವನ್ನೂ ಹೆಗಲಿಗೆ ಹಾಕಿಕೊಂಡು ಹೊರಟಳು. ಅಂಗಡಿಯ ಖಾಲಿ ಗೂಡ್ಸ್ ಗಾಡಿಯನ್ನು ದಾದಾಪೀರನೇ ನಡೆಸುತ್ತಿದ್ದ. ಗಜೇಂದ್ರಗಡದ ಗುಡ್ಡ ಕಾಣಿಸುವ ಹೊತ್ತಿಗೆ ಅವಳು ಸುಮ್ಮನೆ ಕೇಳಿದಳು, "ಫೋನ್ ಮಾಡಿ ಕರದ್ರೇನ ಮಾಮು?"

"ಇಲ್ಲ. ಆರ್ಡರ್ ಕಳಿಸೂ ಜಾಗಾದಾಗ ಕಳಿಸ್ಯಾರ. ಹೆಸರು ಐತಿ, ಊರು ಐತಿ, ತಾರೀಖು ಐತಿ. ಸಾಮಾನು ಅನ್ನೂ ಕಡೆ ಏನೂ ಇಲ್ಲ. ಏನೂ ತರಬ್ಯಾಡ, ನೀ ಒಬ್ಬನ ಬಂದ್ರ ಸಾಕು ಅಂತ ಅದರ ಅರ್ಥ. ಎಂಥಾ ದೊಡ್ಡ ಮನಸ್ಸು ನೋಡು!"

ಶಬಾನಾ ಅವನ ಫೋನು ಕಸಿದುಕೊಂಡು ನೋಡಿದಳು. ಎಲ್ಲಿ ಮುಟ್ಟಿದರೂ ಮುಚ್ಚು ಎಂದು ಪಟ್ಟಿಗೆ ಹೇಳಿದ್ದಳಲ್ಲ, ಪಟ್ಟಿಯ ಒಳಗೆ ಮುಟ್ಟಿದರೂ ಅದು ಮುಚ್ಚುತ್ತಿತ್ತು, ಬೆರಳು ಏನನ್ನು ಆರಿಸಿತು ಎಂದು ಕೇಳಿಸಿಕೊಳ್ಳುವ ಮೊದಲೇ.

"ಮಾಮು, ಗಾಡಿ ತಿರುಗ್ಸು," ಎಂದಳು. ಆದರೆ ಗಾಡಿ ಆಗಲೇ ಅಯ್ಯಪ್ಪನ ಓಣಿಗೆ ಹೊಕ್ಕಿತ್ತು.

ಓಣಿಯ ತುಂಬ ಬೀಗರು ನಿಂತಿದ್ದರು. ನಿಂತಿದ್ದರು, ಯಾಕೆಂದರೆ ಕೂಡಲು ಏನೂ ಇರಲಿಲ್ಲ. ಗಾಡಿ ಕಂಡು ಅಯ್ಯಪ್ಪ ಧೋತರ ಎತ್ತಿಕೊಂಡು ಓಡಿ ಬಂದ, ಹಿಂದೆ ಇಣುಕಿ ನೋಡಿದ, ಖಾಲಿ. ಮುಂದೆ ಬಂದ. ದಾದಾಪೀರ ಇಳಿದು ಅವನನ್ನು ತಬ್ಬಿಕೊಂಡು ಗಡಿಯಾರ ಕೈಗಿಟ್ಟ.

"ಇದೇನ್ರಿ?" ಅಯ್ಯಪ್ಪ ಕೇಳಿದ.

"ಗಡಿಯಾರ್ರಿ."

"ಕುರ್ಚಿ ಎಲ್ಲೆದಾವ?"

"ಯಾವ ಕುರ್ಚಿ?"

"ಎರಡ ನೂರ ಕುರ್ಚಿ! ಶಾಮಿಯಾನಾ! ಕುದುರಿ! ಒಂದಲ್ಲ ಮೂರ ಸಲ ಒತ್ತೇನ್ರಿ ಕುದುರಿ ಮ್ಯಾಲ. ಒತ್ತಿದ ಕೂಡ್ಲೇ ಪಟಕ್ಕನ ಮುಚ್ಚತಿತ್ತು. ಮುಚ್ಚಿತು ಅಂದ್ರ ಮುಟ್ಟಿತು ಅಂತ ತಿಳಕೊಂಡೆ. ನನ್ನ ಮಗ ಸಣ್ಣಾವ ಇದ್ದಾಗಿಂದ ಹೇಳಕೋಂತ ಬಂದಾನ, ಮದುವಿ ಆದ್ರ ಕುದುರಿ ಏರೇ ಆಗಾಂವ ಅಂತ. ಈಗ ಗಡಿಯಾರ ಏರಸ್ಲೇನ?"

ಶಬಾನಾ ಮುಂದೆ ಬಂದಳು. "ತಪ್ಪು ನಂದ್ರಿ ಕಾಕಾ. ವೆಬ್‌ಸೈಟ್ ಮಾಡಿದಾಕಿ ನಾನ. ಒಂದ ತಾಸು ಕೊಡ್ರಿ."

ರೋಣದ ಅಂಗಡಿಗೆ ಫೋನು ಹೋಯಿತು, ಕುರ್ಚಿ, ಶಾಮಿಯಾನಾ ಇನ್ನೊಂದು ಗಾಡಿಗೆ ಏರತೊಡಗಿದವು. ಅಷ್ಟರವರೆಗೆ ಓಣಿಯ ನೇಕಾರರ ಮನೆಗಳಿಂದ ಚಾಪೆ, ಕಂಬಳಿ, ಜಮಖಾನೆ ಬಂದವು, ಬೀಗರು ಗೊಣಗುತ್ತ ಕುಳಿತರು. ಉಳಿದದ್ದು ಕುದುರೆ. ಶಬಾನಾ ಖಾದರನಿಗೆ ಫೋನ್ ಹಚ್ಚಿದಳು.

"ಚಾಚಾ, ಮಖಮಲ್‌ನ ಕರಕೊಂಡು ಗಜೇಂದ್ರಗಡಕ್ಕ ಲಗೂ ಬಾ. ಈ ಸಲ ಖರೇನ ಕರದಾರ."

"ಯಾರೋ ಏನೋ ಮುಚ್ಚಾಕ ಒತ್ತಿರಬೇಕು ನೋಡು," ಎಂದ ಖಾದರ ಬೇಸರದಿಂದ. "ನಾ ಬರೂದಿಲ್ಲ. ಕುದುರಿಗೂ ಮರ್ಯಾದಿ ಐತಿ."

ಅವಳು ಎಷ್ಟು ಆಣೆ ಹಾಕಿದರೂ ಖಾದರ ನಂಬಲಿಲ್ಲ. ಕೊನೆಗೆ ಅಯ್ಯಪ್ಪನೇ ಫೋನು ಕಸಿದುಕೊಂಡ. ಸಿಟ್ಟೆಲ್ಲ ಬಿಟ್ಟು ಬೇಡಿಕೊಂಡ. "ಖಾದರಸಾಬ್ರ, ನಾ ಹುಡುಗನ ಅಪ್ಪ ಮಾತಾಡೂದು. ಕುದುರಿ ಬೇಕ್ರಿ. ಕುದುರಿನ ಬೇಕು. ಕುರ್ಚಿ ಇಲ್ಲದಿದ್ರೂ ನಡಿತೈತಿ, ನಿಮ್ಮ ಕುದುರಿ ಇಲ್ಲದಿದ್ರ ನಡ್ಯಾಂಗಿಲ್ಲ."

ಆ ಕಡೆಯಿಂದ ಖಾದರ ಕೇಳಿದ, "ಇನ್ನೊಮ್ಮೆ ಹೇಳ್ರಿ?"

ಅಯ್ಯಪ್ಪ ಇನ್ನೊಮ್ಮೆ ಹೇಳಿದ. ಓಣಿಯವರೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

ಖಾದರ ಬಂದ. ಆದರೆ ಲಗೂ ಬರಲಿಲ್ಲ. ನಿಜವಾಗಿ ಕರೆದ ಕಡೆ ಕೊಳೆ ಮೈಯಲ್ಲಿ ಹೋಗಲಾದೀತೇ ಎಂದು ಮಖಮಲ್‌ಗೆ ಸಾಬೂನು ಹಚ್ಚಿ ಮೀಯಿಸಿ, ಬಾಲಕ್ಕೆ ಎಣ್ಣೆ ತಿಕ್ಕಿ, ಹಣೆಗೆ ಕನ್ನಡಿ ಕಟ್ಟಿ ತಂದ. ಕುರ್ಚಿ ಬಂದು, ಜನ ಕುಳಿತು, ಎರಡು ಸಲ ಚಹಾ ಆದ ಮೇಲೆ ಮೆರವಣಿಗೆ ಹೊರಟಿತು. ಎಷ್ಟು ತಡವಾಯಿತು ಎಂದು ಎಲ್ಲರಿಗೂ ಸ್ಪಷ್ಟವಾಗಿ ಗೊತ್ತಿತ್ತು, ಯಾಕೆಂದರೆ ದಾದಾಪೀರನ ಗಡಿಯಾರವನ್ನು ಯಾರೋ ಬಾಗಿಲಲ್ಲೇ ಮೊಳೆಗೆ ಹಾಕಿದ್ದರು. ಮದುಮಗ ಮಾತ್ರ ಯಾವ ಗಡಿಯಾರವನ್ನೂ ನೋಡಲಿಲ್ಲ. ಅವನ ಮುಖ ನೋಡಿ ಅಯ್ಯಪ್ಪ ಕಣ್ಣೊರೆಸಿಕೊಂಡ. ದಾದಾಪೀರನನ್ನು ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂಡಿಸಿದರು.

ಶಬಾನಾ ಊಟಕ್ಕೆ ಕೂಡಲಿಲ್ಲ. ಮಗ್ಗದ ಕೋಣೆಯ ಮೂಲೆಯಲ್ಲಿ ಲ್ಯಾಪ್‌ಟಾಪು ತೆರೆದು, ವೆಂಕೂಬಾಯಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಅವರು ನಗಲಿಲ್ಲ. "ತಪ್ಪು ನಂದೂ ಅದ," ಎಂದರು. "ತಗದು ಮುಚ್ಚಿ ನೋಡಿದೆ, ತಗೊಂಡು ನೋಡಲಿಲ್ಲ. ಸರಿಮಾಡಿಕೊಂಡು ನಾಳೆ ಬಾ. ಈ ಸಲ ಒಬ್ಬಾಕಿ ನೋಡೂದಲ್ಲ, ಇಡೀ ಮಂಡಳಿ ನೋಡತದ."

ಮರುದಿನ ವೆಂಕೂಬಾಯಿಯವರ ಪಡಸಾಲೆಯಲ್ಲಿ ಏಳು ಜನ ಹೆಂಗಸರು, ಏಳು ಬಗೆಯ ಫೋನು ಹಿಡಿದು ಸಾಲಾಗಿ ಕುಳಿತಿದ್ದರು. ಪಕ್ಕದ ಮನೆಯ ರೂಪಾಳ ಫೋನಿನ ಗಾಜು ಜೇಡರಬಲೆಯ ಹಾಗೆ ಒಡೆದಿತ್ತು. ಅದನ್ನೂ ಬಿಡಲಿಲ್ಲ. ವೆಂಕೂಬಾಯಿ ಭಜನೆ ನಡೆಸುವ ದನಿಯಲ್ಲಿ ಒಂದೊಂದೇ ಹೇಳಿಕೊಟ್ಟರು.

"ತಗೀರಿ. ಹೊರಗ ಮುಟ್ರಿ. ಮುಚ್ಚಿತೇನು?"

"ಮುಚ್ಚಿತ್ರಿ!"

"ತಗೀರಿ. ಹೆಸರಿನ ಮ್ಯಾಲೆನ ಮತ್ತ ಒತ್ರಿ."

"ಮುಚ್ಚಿತ್ರಿ!"

"ಈಗ ತಗದು ಒಂದು ಸೌಟು ಆರಿಸ್ರಿ. ಬಂತೇನು? ದೊಡ್ಡ ಅಕ್ಷರದಾಗ ಕಾಣತದೇನು?"

"ಕಾಣತದ್ರಿ, ಕನ್ನಡಕ ಇಲ್ಲದನ ಕಾಣತದ!"

"ಈಗ ಏನೂ ಆರಿಸದ ಕಳಿಸ್ರಿ."

ಏಳೂ ಫೋನುಗಳು ಒಪ್ಪಲಿಲ್ಲ. 'ಏನು ಬೇಕು ಹೇಳಿರಿ' ಎಂದು ಕೇಳಿದವು. ಕಳಿಸುವ ಗುಂಡಿಯನ್ನೂ ಶಬಾನಾ ಪಟ್ಟಿಯ ನೆರಳಿನಿಂದ ದೂರ, ಪರದೆಯ ಕೆಳತುದಿಗೆ ಒಯ್ದಿದ್ದಳು. ರೂಪಾ ಒಬ್ಬಳು ಎರಡು ಬೆರಳು ಒಟ್ಟಿಗೆ ಇಟ್ಟು ಪಟ್ಟಿಯನ್ನು ಗೊಂದಲಕ್ಕೆ ಕೆಡವಲು ನೋಡಿದಳು, ಅದು ಬಗ್ಗಲಿಲ್ಲ. ಒಡೆದ ಗಾಜಿನ ಕೆಳಗೂ ಪಟ್ಟಿ ಕರೆದಾಗ ಬಂತು, ಹೋಗು ಎಂದಾಗ ಹೋಯಿತು.

ಶಬಾನಾಗೆ ಅಂದು ನುಚ್ಚಿನುಂಡೆ, ಮಜ್ಜಿಗೆ ಸಾರಿನ ಊಟ. ಊಟ ಮುಗಿದ ಮೇಲೆ ವೆಂಕೂಬಾಯಿ ಸೆರಗಿನ ಗಂಟಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಅವಳ ಕೈಗಿಟ್ಟರು.

"ಮಂಡಳಿಯವರು ಎರಡ ದಿನಾ ಕೂತು ಬರದೇವಿ. ಮುಚ್ಚದ ಪಟ್ಟಿ ನಿಂದೊಂದ ಅಲ್ಲ ತಂಗಿ, ಊರ ತುಂಬ ಅವ. ಎಲ್ಲೆಲ್ಲೆ ಏನೇನು ತ್ರಾಸು ಅಂತ ಬರದದ. ನಿನಗ ಕೆಲಸಾ ಆಗತದ, ನಮಗ ಸುಖಾ ಆಗತದ. ಬಸ್ಸಿನಾಗ ಓದು."

ಕಿಟಕಿಯ ಪಕ್ಕದ ಸೀಟು ಹಿಡಿದು ಅವಳು ಕಾಗದ ಬಿಚ್ಚಿದಳು. ದುಂಡನೆಯ ಅಕ್ಷರ. ಒಂದು ಸೀರೆ ಅಂಗಡಿಯ ವೆಬ್‌ಸೈಟು: ಬಣ್ಣದ ಪಟ್ಟಿ ತೆಗೆದರೆ ಸೀರೆಯೇ ಕಾಣುವುದಿಲ್ಲ. ಒಂದು ಮದ್ದಿನ ಅಂಗಡಿ: ಕೆಮ್ಮು ಒತ್ತಿದರೆ ಕೂದಲಿನ ಎಣ್ಣೆ ಸೇರುತ್ತದೆ. ಒಂದು ಪಂಚಾಂಗ: ಏಕಾದಶಿ ತೆಗೆದರೆ ದ್ವಾದಶಿಯವರೆಗೂ ಮುಚ್ಚುವುದಿಲ್ಲ, ರೂಪಾ ಎರಡು ದಿನ ಉಪವಾಸ ಮಾಡಿದಳು.

ಶಬಾನಾ ಗಟ್ಟಿಯಾಗಿ ನಕ್ಕಳು. ಮುಂದಿನ ಸೀಟಿನ ಮುದುಕ ತಿರುಗಿ ನೋಡಿದ. ಅವಳು ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು, ಚೀಲದಿಂದ ಪೆನ್ನು ತೆಗೆದು, ಮೊದಲು ಸರಿಮಾಡಬೇಕಾದದ್ದು ಇದೇ ಎಂದು ಪಂಚಾಂಗದ ಮುಂದೆ ದೊಡ್ಡದಾಗಿ '೧' ಎಂದು ಬರೆದಳು.